ಹಪ್ಪಳಕ್ಕೆ ಬಿದ್ದ ಪದವು

ಹಲಸಿನ ಹಪ್ಪಳದ ಬಣ್ಣ ಹೇಗಿರಬೇಕೆಂದು ಪುತ್ತಿಗೆಯ ವಿನೋದಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತು ವರ್ಷ ಅದನ್ನೇ ತಟ್ಟಿದ ಕೈ ಅವಳದು. ಆ ಮಾರ್ಚ್ ತಿಂಗಳ ಸಂಜೆ, ಅಂಗಳದ ಚಾಪೆಗಳ ಮೇಲಿದ್ದ ಹಪ್ಪಳಗಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಅವಳು ಕೂಗಾಡಲಿಲ್ಲ. ಒಂದನ್ನು ಎತ್ತಿ ಕೆಂಡದ ಮೇಲೆ ಸುಟ್ಟು ಗಂಡ ಮುಂಡಪ್ಪನ ಮುಂದೆ ತಂದಿಟ್ಟಳು.

"ತಿನ್ನಿ."

ಮುಂಡಪ್ಪ ಕಚ್ಚಿದ. ಕರಕರ ಎಂದಿತು. ಹಪ್ಪಳ ಕರಕರ ಎನ್ನುವುದು ಬೇರೆ, ಕಲ್ಲುಪುಡಿ ಕರಕರ ಎನ್ನುವುದು ಬೇರೆ. ವ್ಯತ್ಯಾಸ ಅವನಿಗೆ ತಿಳಿಯದೆ ಇರಲಿಲ್ಲ. ಆದರೆ ತಪ್ಪನ್ನು ಒಪ್ಪಿಕೊಂಡುಬಿಡುವ ಅಭ್ಯಾಸ ಅವನಿಗೆ ಅರುವತ್ತೆರಡು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ.

"ಒಳ್ಳೆದುಂಟಲ್ಲ! ಮಸಾಲೆ ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೆ."

"ಅದು ಮಸಾಲೆ ಅಲ್ಲ, ನಿಮ್ಮ ಪದವು," ಎಂದಳು ವಿನೋದಾ.

ಗುಡ್ಡದ ನೆತ್ತಿಯ ಹುಲ್ಲುಬಯಲಿಗೆ ಈ ಕಡೆ ಪದವು ಎನ್ನುತ್ತಾರೆ. ಮುಂಡಪ್ಪನ ಮನೆಯ ಹಿಂದೆ ಅಂಥದ್ದು ಎರಡು ಎಕರೆ ಇತ್ತು. ಅಡಿಯಲ್ಲಿ ಕೆಂಪು ಮುರಕಲ್ಲಿನ ಹಾಸು, ಮೇಲೆ ಒಂದು ಗೇಣು ಮಣ್ಣು, ಆ ಮಣ್ಣನ್ನು ಬಿಗಿಯಾಗಿ ಹಿಡಿದುಕೊಂಡು ಸೊಂಟದೆತ್ತರದ ಮುಳಿಹುಲ್ಲು. ಅಜ್ಜನ ಕಾಲದಲ್ಲಿ ಮನೆಯ ಮಾಡಿಗೆ ಹೊದೆಸುವುದಕ್ಕೆ ಅದೇ ಹುಲ್ಲು ಬೇಕಿತ್ತು. ಹಂಚು ಬಂದ ಮೇಲೆ ದನಗಳು ತಿಂದವು. ದನಗಳೂ ಹೋದ ಮೇಲೆ ಮುಂಡಪ್ಪನ ಕಣ್ಣಿಗೆ ಪದವು ಕೆಲಸವಿಲ್ಲದೆ ಬಿದ್ದುಕೊಂಡ ಸೋಮಾರಿಯಂತೆ ಕಾಣತೊಡಗಿತು. ಕೆಲಸ ಹಚ್ಚದೆ ಬಿಡುವವನಲ್ಲ ಅವನು.

ಮೊದಲು ಸುಡುಮಣ್ಣಿಗೆ ಕೈ ಹಾಕಿದ. ಹುಲ್ಲನ್ನು ಬೇರುಮಣ್ಣು ಸಮೇತ ಹಾರೆಯಲ್ಲಿ ಕೆತ್ತಿ, ತರಗೆಲೆಯ ಜೊತೆ ರಾಶಿ ಹಾಕಿ, ನಿಧಾನವಾಗಿ ಹೊಗೆಯಾಡಿಸಿ ಸುಟ್ಟರೆ ಸಿಗುವ ಗೊಬ್ಬರ ಅದು. ಬಸಳೆಯ ಬುಡಕ್ಕೆ, ಮಲ್ಲಿಗೆಯ ಬುಡಕ್ಕೆ ಅಂತ ಒಂದೆರಡು ಬುಟ್ಟಿ ಊರವರೆಲ್ಲ ಮಾಡಿಕೊಳ್ಳುತ್ತಾರೆ. ಮುಂಡಪ್ಪ ವರ್ಷ ವರ್ಷ ಇಡೀ ಅಡಿಕೆ ತೋಟಕ್ಕೆ ಮಾಡಿದ. ಪದವು ಅರ್ಧ ಬೋಳಾಯಿತು. ಉಳಿದರ್ಧವನ್ನು ಯಾಕೆ ಬಿಡುವುದೆಂದು ಮಣ್ಣು ಅಗೆಯುವ ಹಿಟಾಚಿ ತರಿಸಿ ಪೂರಾ ಮಟ್ಟ ಮಾಡಿಸಿ ಅನಾನಸು ನೆಟ್ಟ. ಮುಂದೆ ಎರಡು ವರ್ಷ ಮಳೆ ಕೈಕೊಟ್ಟಿತು. ಅನಾನಸು ಒಣಗಿ ಬರೀ ಮುಳ್ಳು ಉಳಿಯಿತು, ಬೇರಿಲ್ಲದ ಮಣ್ಣು ಹುಡಿಯಾಯಿತು. ಮಧ್ಯಾಹ್ನ ಗಾಳಿ ಎದ್ದರೆ ಸಾಕು, ಪದವು ಗುಡ್ಡ ಇಳಿದು ಅಂಗಳಕ್ಕೇ ಬರುತ್ತಿತ್ತು.

ಮುಂಡಪ್ಪನ ತಲೆ ಓಡದೆ ಇರಲಿಲ್ಲ. ಅಂಗಳದ ಸುತ್ತ ಹಸಿರು ನೆಟ್ ಕಟ್ಟಿಸಿದ. ಧೂಳು ಅದರಲ್ಲಿ ಜರಡಿ ಹಿಡಿದ ಹಾಗೆ ಇನ್ನಷ್ಟು ನುಣ್ಣಗಾಗಿ ಬಿತ್ತು. ಬಾವಿಯಿಂದ ಪೈಪು ಎಳೆದು ಗುಡ್ಡಕ್ಕೆ ನೀರು ಬಿಟ್ಟ. ವಿನೋದಾ ಬಂದು ಪಂಪಿನ ಸ್ವಿಚ್ಚು ಆರಿಸಿದಳು. "ಕುಡಿಯುವ ನೀರನ್ನು ಗುಡ್ಡೆಗೆ ಕುಡಿಸ್ತೀರಾ?"

ಕೊನೆಗೆ ಕೆಂಪು ಹಪ್ಪಳದ ಕಟ್ಟು ಹಿಡಿದು ಮೂಡುಬಿದಿರೆಯ ಪೇಟೆಯಲ್ಲಿರುವ ಉಸ್ಮಾನನ ಅಂಗಡಿಗೆ ಹೋದ. ವಿನೋದಾಳ ಹಪ್ಪಳವೆಂದರೆ ಕಣ್ಣುಮುಚ್ಚಿ ತೆಗೆದುಕೊಳ್ಳುವ ಗಿರಾಕಿ ಅವನು.

"ಹೊಸ ರುಚಿ, ಉಸ್ಮಾನ್. ಕೆಂಪು ಹಪ್ಪಳ."

ಉಸ್ಮಾನ್ ಒಂದನ್ನು ಎಣ್ಣೆಗೆ ಬಿಟ್ಟು ತೆಗೆದು ಕಚ್ಚಿದ, ಕೆನ್ನೆ ಹಿಡಿದುಕೊಂಡ. "ಮುಂಡಪ್ಪಣ್ಣ, ಇದನ್ನು ಮಾರ್ಬೇಕಾದ್ರೆ ಅಂಗಡಿಯ ಪಕ್ಕದಲ್ಲಿ ಒಬ್ಬ ಹಲ್ಲಿನ ಡಾಕ್ಟ್ರನ್ನು ಕೂರಿಸ್ಬೇಕು ಮಾರಾಯ್ರೆ!"

ಮುಂಡಪ್ಪ ಮನೆಗೆ ಬರುವಷ್ಟರಲ್ಲಿ ವಿನೋದಾ ಚಾಪೆಗಳನ್ನು ಸುರುಳಿ ಸುತ್ತಿ ಕಟ್ಟಿ ಜಗಲಿಯಲ್ಲಿ ನಿಂತಿದ್ದಳು. ಗುರುವಾಯನಕೆರೆಯ ಹತ್ತಿರವಿದ್ದ ಅಣ್ಣ ರುಕ್ಮಯ್ಯನ ಮನೆಗೆ ಹೊರಟಿದ್ದಳು.

"ಅಣ್ಣನ ಪದವಿನಲ್ಲಿ ಹುಡಿ ಇಲ್ಲ. ಹಲಸಿನ ಸೀಸನ್ ಮುಗಿಯುವವರೆಗೆ ನಾನು ಅಲ್ಲಿ. ಅನ್ನಕ್ಕೆ ಅಕ್ಕಿ ಡಬ್ಬದಲ್ಲಿ ಉಂಟು."

"ಮತ್ತೆ ಬರುವ ವರ್ಷ?"

"ಬರುವ ವರ್ಷವೂ ಅಲ್ಲಿಯೇ. ಇಲ್ಲಿ ಹುಲ್ಲು ಬಂದರೆ ನೋಡುವ."

ಮುಂಡಪ್ಪ ಮೂರು ದಿನ ಗಂಜಿ ಉಂಡ. ನಾಲ್ಕನೆಯ ದಿನವೂ ಗಂಜಿಯೇ. ಗಂಜಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಎದುರಿಗೆ ಕುಳಿತು ಮೂದಲಿಸುವವರಿಲ್ಲದೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವರ್ಷಕ್ಕೆ ಮೂರು ತಿಂಗಳು ಹೀಗೆಯೇ ಎಂದು ನೆನೆದಾಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಐದನೆಯ ದಿನ ಗುರುವಾಯನಕೆರೆಯ ಬಸ್ಸು ಹತ್ತಿದ.

ರುಕ್ಮಯ್ಯನ ಪದವಿನ ಹುಲ್ಲನ್ನು ಅವನು ಹಿಂದೆ ಎಷ್ಟು ಸಲ ಗೇಲಿ ಮಾಡಿದ್ದನೋ. 'ಭಾವ, ನಿಮ್ಮ ಗುಡ್ಡೆಗೆ ಒಬ್ಬ ಕ್ಷೌರದವನನ್ನು ಗೊತ್ತು ಮಾಡುವ' ಎಂದು ಮದುವೆ ಊಟದ ಪಂಕ್ತಿಯಲ್ಲೇ ನಗಾಡಿದ್ದುಂಟು. ಈಗ ಅದೇ ಗುಡ್ಡದ ಮೇಲೆ ನಿಂತ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು, ಆದರೂ ಬೇರು ಬಿಟ್ಟಿರಲಿಲ್ಲ. ಗಾಳಿ ಬೀಸಿದರೆ ಹುಲ್ಲು ಬಾಗುತ್ತಿತ್ತು, ಮಣ್ಣು ಏಳುತ್ತಿರಲಿಲ್ಲ. ನಡುವಿನ ಚಪ್ಪಟೆ ಪಾರೆಕಲ್ಲಿನ ಮೇಲೆ ವಿನೋದಾಳ ಚಾಪೆಗಳು, ಚಾಪೆಗಳ ತುಂಬ ಹಪ್ಪಳ. ಗುಡ್ಡದ ಬುಡದ ಬಾವಿಯಲ್ಲಿ ಮಾರ್ಚ್‌ನಲ್ಲೂ ಕೈಗೆಟಕುವಷ್ಟು ಮೇಲೆ ನೀರು. ಮುಂಡಪ್ಪನಿಗೆ ನಾಚಿಕೆಯಾಯಿತು, ಸಣ್ಣ ನಾಚಿಕೆಯಲ್ಲ.

"ಎಂತ ಭಾವ, ತಂಗಿಯನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಾ?" ಎಂದ ರುಕ್ಮಯ್ಯ.

"ಕರೆದ್ರೆ ಅವಳು ಬರುವುದಿಲ್ಲ. ನನಗೆ..." ಮುಂಡಪ್ಪ ಆಚೆ ಈಚೆ ನೋಡಿದ. "ನನಗೆ ಸ್ವಲ್ಪ ಹುಲ್ಲು ಬೇಕಿತ್ತು ಭಾವ."

ರುಕ್ಮಯ್ಯ ನಕ್ಕ ನಗೆಗೆ ಮೈ ಒರೆಸುವ ಹೆಗಲ ಬೈರಾಸು ಕೆಳಗೆ ಬಿತ್ತು. ನಗು ಮುಗಿದ ಮೇಲೆ ಶರತ್ತು ಹಾಕಿದ. "ಮೊದಲ ಮಳೆ ಬಿದ್ದ ಮೇಲೆ ಬನ್ನಿ. ಹಿಟಾಚಿ ತರ್ಬಾರ್ದು, ಹಾರೆ ಹಿಡಿದು ನೀವೇ ಕೆತ್ತಬೇಕು. ಒಂದು ಬುಟ್ಟಿಯಷ್ಟು ಕೆತ್ತಿದ್ರೆ ಪಕ್ಕದ ಎರಡು ಬುಟ್ಟಿಯಷ್ಟು ಜಾಗ ಮುಟ್ಟಬಾರ್ದು. ನನ್ನ ಪದವು ಬೋಳಾಗಿ ನಿಮ್ಮದು ಹಸಿರಾಗುವುದು ಬೇಡ."

ಜೂನ್‌ನಲ್ಲಿ ಮುಂಡಪ್ಪ ಎಂಟು ದಿನ ಅಲ್ಲೇ ಇದ್ದು ಕೆತ್ತಿದ. ಬೇರುಮಣ್ಣಿನ ಹುಲ್ಲುಗಡ್ಡೆಗಳನ್ನು ಪಿಕಪ್ಪಿಗೆ ತುಂಬಿಸಿದಾಗ ವಿನೋದಾ ಚಾಪೆಯ ಕಟ್ಟಿನೊಂದಿಗೆ ಮುಂದಿನ ಸೀಟಿನಲ್ಲಿ ಕುಳಿತಳು. "ಖುಷಿಪಡಬೇಡಿ. ಸೀಸನ್ ಮುಗಿಯಿತು ಅಂತ ಬರುವುದು. ಬರುವ ಮಾರ್ಚ್‌ನಲ್ಲಿ ಒಂದು ಚಾಪೆ ಹಾಸಿ ನೋಡ್ತೇನೆ. ಹಲ್ಲಿಗೆ ಕಲ್ಲು ಸಿಕ್ಕಿದ್ರೆ ಪುನಃ ಅಣ್ಣನ ಮನೆ."

ಇಳಿಜಾರಿಗೆ ಅಡ್ಡವಾಗಿ ಮುರಕಲ್ಲಿನ ಸಾಲು ಇಟ್ಟು, ಅದರ ಒತ್ತಿಗೆ ಗಡ್ಡೆ ನೆಟ್ಟ. ಮೊದಲ ದೊಡ್ಡ ಮಳೆಗೆ ಅರ್ಧ ಕೊಚ್ಚಿಹೋಯಿತು. ಬೈದುಕೊಂಡೇ ಮತ್ತೆ ಕಲ್ಲು ಹೊತ್ತು ಮತ್ತೆ ನೆಟ್ಟ, ಕಡಿಮೆ ಬಿದ್ದ ಹುಲ್ಲಿಗೆ ಗುರುವಾಯನಕೆರೆಗೆ ಇನ್ನೊಂದು ಸಲ ಹೋಗಿ ಬಂದ. ಕೊಡೆ ಹಿಡಿದು ದಿನಕ್ಕೆ ಮೂರು ಸಲ ಗುಡ್ಡ ಹತ್ತುವವನನ್ನು ಕಂಡು ನೆರೆಮನೆಯ ನಫೀಸಮ್ಮ ಬೇಲಿಯ ಆಚೆಯಿಂದ ಕೇಳುತ್ತಿದ್ದಳು, "ಮುಂಡಪ್ಪಣ್ಣ, ಇವತ್ತು ಎಷ್ಟು ಎಲೆ ಬಂತು?" ಅವನು ಗಂಭೀರವಾಗಿ ಉತ್ತರ ಕೊಡುತ್ತಿದ್ದ.

ನವೆಂಬರ್ ಹೊತ್ತಿಗೆ ಹುಲ್ಲು ಮೊಣಕಾಲು ದಾಟಿ ತೆನೆ ಬಿಟ್ಟಿತು. ಅದೇ ಹೊತ್ತಿಗೆ ತೋಟದ ನಾಲ್ಕು ಅಡಿಕೆ ಮರಗಳು ಹಳದಿಯಾದವು. ಮುಂಡಪ್ಪನ ಕೈ ತುರಿಸಿತು. ಒಂದೇ ಒಂದು ಬುಟ್ಟಿ ಸುಡುಮಣ್ಣು, ಯಾರಿಗೆ ಗೊತ್ತಾಗ್ತದೆ? ವಿನೋದಾ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಹಾರೆ ಹಿಡಿದು ಹತ್ತಿದ, ಒಂದು ಮೂಲೆಯಲ್ಲಿ ಕೆತ್ತಿದ. ಗಡ್ಡೆ ಎದ್ದು ಬಂತು. ಅಡಿಯಲ್ಲಿ ಬಿಳಿ ಬೇರುಗಳು ಮುರಕಲ್ಲಿನ ಸಂದಿಗೂ ಇಳಿದು ಹಿಡಿದಿದ್ದವು, ಎಳೆದರೂ ಬಿಡುತ್ತಿರಲಿಲ್ಲ. ಎಂಟು ದಿನ ತಾನೇ ಬಗ್ಗಿ ಕೆತ್ತಿ ತಂದ ಹುಲ್ಲು! ಮುಂಡಪ್ಪ ಕುಕ್ಕರಗಾಲಲ್ಲಿ ಕುಳಿತು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಗಡ್ಡೆಯನ್ನು ಇದ್ದಲ್ಲಿಯೇ ಇಟ್ಟು, ಕಾಲಿನಿಂದ ಮೆಲ್ಲಗೆ ಒತ್ತಿ, ಬಾಟಲಿಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಅದಕ್ಕೆ ಹೊಯ್ದು, ಸುತ್ತ ಒಮ್ಮೆ ನೋಡಿ ಇಳಿದ. ತೋಟಕ್ಕೆ ಸೆಗಣಿ ಗೊಬ್ಬರ ತರಿಸಿದ.

ಮಾರ್ಚ್ ಬಂತು. ವಿನೋದಾ ಹೇಳಿದಂತೆ ಒಂದೇ ಚಾಪೆ ಹಾಸಿದಳು. ಮಧ್ಯಾಹ್ನ ಗಾಳಿ ಎದ್ದಾಗ ಮುಂಡಪ್ಪ ಊಟ ಬಿಟ್ಟು ಅಂಗಳದಲ್ಲಿ ನಿಂತ. ಮೇಲೆ ಹುಲ್ಲು ಅಲೆಯಲೆಯಾಗಿ ಬಾಗುವುದು ಕಾಣುತ್ತಿತ್ತು. ಇನ್ನೂ ಬೋಳಾಗಿದ್ದ ಒಂದು ಮೂಲೆಯಿಂದ ಮಾತ್ರ ಸ್ವಲ್ಪ ಕೆಂಪು ಹುಡಿ ಎದ್ದು, ಹೆಚ್ಚಿನದು ಗುಡ್ಡದ ಇಳಿಜಾರಿನ ಹಲಸಿನ ಮರದ ಹತ್ತಿರವೇ ಕುಳಿತಿತು.

ಸಂಜೆ ಅವಳು ಚಾಪೆಯ ನಡುವಿನಿಂದ ಒಂದು ಹಪ್ಪಳ ಎತ್ತಿ, ಸುಟ್ಟು, ತಾನೇ ಕಚ್ಚಿದಳು. ಅವಳು ಅಗಿದು ಮುಗಿಸುವವರೆಗೆ ಮುಂಡಪ್ಪ ಆ ಸದ್ದಿಗೇ ಕಿವಿಗೊಟ್ಟು ನಿಂತ.

"ಹಪ್ಪಳ ಹಪ್ಪಳದ ಹಾಗೆಯೇ ಉಂಟು," ಎಂದಳು.

"ಹಾಗಾದ್ರೆ ಅಣ್ಣನ ಮನೆಗೆ...?"

"ಹೋಗುವುದಿಲ್ಲ ಅಂತ ಅಣ್ಣನಿಗೆ ನವೆಂಬರ್‌ನಲ್ಲಿಯೇ ಫೋನ್ ಮಾಡಿ ಹೇಳಿದ್ದೇನೆ."

"ನವೆಂಬರ್‌ನಲ್ಲಾ? ಆಗ ಹಪ್ಪಳ ಎಲ್ಲಿತ್ತು?"

"ಹಪ್ಪಳ ಇರ್ಲಿಲ್ಲ. ನೀವು ಹಾರೆ ಹಿಡ್ಕೊಂಡು ಕಳ್ಳಹೆಜ್ಜೆ ಹಾಕುವಾಗ ನನಗೆ ಎಚ್ಚರ ಉಂಟು. ಬೈಯ್ಲಿಕ್ಕೆ ಅಂತಲೇ ಹಿಂದೆ ಬಂದದ್ದು. ಹಲಸಿನ ಮರದ ಹತ್ರ ನಿಂತು ನೋಡಿದೆ. ಕೆತ್ತಿದ್ದನ್ನು ವಾಪಸ್ ಇಟ್ರಿ, ನಿಮ್ಮ ನೀರನ್ನೂ ಕೊಟ್ರಿ. ನಾನು ಹಾಗೆಯೇ ಇಳಿದು ಬಂದು ಫೋನ್ ಮಾಡಿದೆ."

ಮುಂಡಪ್ಪನಿಗೆ ಕಣ್ಣು ತುಂಬಿ ಬಂತು, ಅದನ್ನು ಹೊಗೆಯ ಮೇಲೆ ಹಾಕುವ ಅಂದರೆ ಕೆಂಡ ಆಗಲೇ ಆರಿತ್ತು.

"ನಾಲ್ಕು ತಿಂಗಳು ನನಗೆ ಹೇಳ್ಲಿಲ್ಲ ನೀನು!"

"ಹೇಳಿದ್ರೆ ನೀವು ಗುಡ್ಡೆ ಹತ್ತುವುದು ಬಿಡ್ತಿದ್ರಿ." ಅವಳು ಚಾಪೆಯ ಅಂಚಿನಲ್ಲಿ ಸ್ವಲ್ಪ ಕೆಂಪಗಾಗಿದ್ದ ಒಂದೇ ಒಂದು ಹಪ್ಪಳವನ್ನು ಹುಡುಕಿ ತೆಗೆದು ಅವನ ಕೈಗಿಟ್ಟಳು. "ಇದು ನಿಮಗೆ. ಆ ಮೂಲೆ ಇನ್ನೂ ಬಾಕಿ ಉಂಟು."

ಮುಂಡಪ್ಪ ಅದನ್ನು ಸುಡದೆ, ಒರೆಸದೆ ಹಾಗೆಯೇ ಕಚ್ಚಿದ. ಸ್ವಲ್ಪ ಕರಕರ ಎಂದಿತು. ಪೂರ್ತಿ ತಿಂದು ಮುಗಿಸಿ, ಒಳಗೆ ಹೋಗಿ, ಉಳಿದ ಚಾಪೆಗಳನ್ನೂ ನಾಳೆಗೆಂದು ಹೊತ್ತು ತಂದು ಅಂಗಳದಲ್ಲಿ ಬಿಡಿಸಿದ.