ಫೈಲ್ ಬಿಡಿ ಮೇಡಂ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಕಥೆಯಲ್ಲಿ ನಾನು ಬಹಳ ಹೊತ್ತು ಕೋಪದಲ್ಲೇ ಇದ್ದೇನೆ, ಇರಬಾರದಿದ್ದ ಹೊತ್ತಿನಲ್ಲೂ.

ನಾನು ವಿಶ್ವವಿದ್ಯಾಲಯದ ದಾಖಲೆ ವಿಭಾಗದ ಗುಮಾಸ್ತ. ನಾಲ್ಕು ವರ್ಷದ ಹಿಂದೆ ನಮ್ಮ ಕಟ್ಟಡದ ಚಾವಣಿ ಸೋರುತ್ತದೆಂದು ರಿಪೇರಿಗೆ ಕೊಟ್ಟು, ನಮ್ಮನ್ನೆಲ್ಲ ಸ್ವಲ್ಪ ದಿನ ಮನೆಯಿಂದಲೇ ಕೆಲಸ ಮಾಡಿ ಎಂದು ಕಳಿಸಿದರು. ಚಾವಣಿ ಇನ್ನೂ ರಿಪೇರಿಯಲ್ಲೇ ಇದೆ. ಆ ಸ್ವಲ್ಪ ದಿನವೂ ಮುಗಿದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಹಾಕಿ, ಫೋನಿಗೆ ಬರುವ ಆರು ಅಂಕಿಗಳನ್ನೂ ಹಾಕಿದರೆ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆಯೊಂದು ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಾನು ಆಫೀಸಿನಲ್ಲೇ ಇದ್ದ ಲೆಕ್ಕ.

ಊಟದ ಮೇಜು ನಾಲ್ಕು ಜನರದ್ದು. ಮೂರು ಕುರ್ಚಿಗಳ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಇರುತ್ತದೆ. ನಾನು ಮದುವೆಯಾಗಲಿಲ್ಲ, ಯಾಕೆ ಆಗಲಿಲ್ಲ ಎಂದು ಪೀಡಿಸುತ್ತಿದ್ದವರೆಲ್ಲ ಈಗ ಇಲ್ಲ. ಅಕ್ಕ ತೀರಿಹೋದ ಮೇಲೆ ಭಾವ ದಿನಾ ಬೆಳಗ್ಗೆ ಫೋನಿಗೆ ಒಂದು ಹೂವಿನ ಚಿತ್ರ ಕಳಿಸುತ್ತಾರೆ, ಮೇಲೆ ‘ಶುಭೋದಯ’ ಎಂದು ಬರೆದದ್ದು. ಅದೇ ಹೂವು ಇನ್ನೂ ಐವತ್ತು ಜನರಿಗೆ ಹೋಗಿರುತ್ತದೆ. ನಾನು ನೋಡಿದೆನೋ ಬಿಟ್ಟೆನೋ ಅವರೇನೂ ವಿಚಾರಿಸುವುದಿಲ್ಲ.

ನನ್ನ ಕೆಲಸ ಇಷ್ಟೇ. ಹಳೆಯ ಪದವಿ ರಿಜಿಸ್ಟರುಗಳ ಕೈಬರಹದ ಪುಟಗಳನ್ನು ಪರದೆಯ ಮೇಲೆ ನೋಡುವುದು, ಕಂಪ್ಯೂಟರಿಗೆ ತಪ್ಪಾಗಿ ಏರಿಸಿದ ಹೆಸರುಗಳನ್ನು ಹುಡುಕುವುದು, ಸರಿಯಾದ ಹೆಸರನ್ನು ತಿದ್ದುಪಡಿ ಫೈಲಿನಲ್ಲಿ ಬರೆಯುವುದು. ಈ ಕೆಲಸಕ್ಕೆ ಇಬ್ಬರಿದ್ದೇವೆ, ಫೈಲು ಮಾತ್ರ ಒಂದೇ. ಒಬ್ಬರು ತೆರೆದು ಕೂತರೆ ಇನ್ನೊಬ್ಬರಿಗೆ ಅದು ಕೈಕೊಡುತ್ತದೆ. ‘ಈ ಫೈಲ್ ಬೇರೊಬ್ಬರ ಬಳಿ ತೆರೆದಿದೆ. ಓದಲು ಮಾತ್ರ’ ಎಂದು ತೋರಿಸಿ ಸುಮ್ಮನಾಗುತ್ತದೆ. ಆ ಬೇರೊಬ್ಬರು ಯಾರೆಂದರೆ ಐದು ನಿಮಿಷ ಮೇಡಂ.

ಹಾಗೆ ಹೆಸರಿಟ್ಟದ್ದು ನಾನೇ. ನಾವು ಮನೆ ಸೇರಿದ ಮೇಲೆ ಅವರು ಬೇರೆ ವಿಭಾಗದಿಂದ ವರ್ಗವಾಗಿ ಬಂದವರು, ಆದ್ದರಿಂದ ಅವರ ಮುಖವನ್ನು ನಾನು ನೋಡಿರಲಿಲ್ಲ. ಫೈಲು ಬೇಕಾದಾಗ ಫೋನ್ ಮಾಡುತ್ತಿದ್ದೆ.

“ಫೈಲ್ ಬಿಡಿ ಮೇಡಂ.”

“ಐದು ನಿಮಿಷ.”

ಅವರ ಐದು ನಿಮಿಷಕ್ಕೆ ಅನ್ನ ಬೆಂದು ಆರಿಹೋಗುತ್ತಿತ್ತು. ನಾಲ್ಕು ವರ್ಷ ನಾವಿಬ್ಬರೂ ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೆ ಈ ಎರಡು ವಾಕ್ಯಗಳಿಗಿಂತ ಹೆಚ್ಚಾಗದು. ನಾನು ಶಿಸ್ತಿನ ಮನುಷ್ಯ. ಫೈಲು ತೆರೆದೆ, ಸಾಲು ಬರೆದೆ, ಸೇವ್ ಮಾಡಿದೆ, ಮುಚ್ಚಿದೆ. ಅವರು ಬೆಳಗ್ಗೆ ತೆರೆದರೆ ಸಂಜೆ ನಾಲ್ಕರ ತನಕ ಅದರಲ್ಲೇ ಠಿಕಾಣಿ ಹೂಡುತ್ತಿದ್ದರು. ಅರ್ಧ ಗಂಟೆ ಏನೂ ಮಾಡದಿದ್ದರೆ ಮನೆಯ ಸಂಪರ್ಕ ತಾನಾಗಿಯೇ ಕಡಿದುಹೋಗಬೇಕು ಎಂಬ ನಿಯಮವೇ ಇದೆ. ಹಳೆಯ ಅಕ್ಷರ ಬಿಡಿಸಿ ಓದುವಷ್ಟರಲ್ಲಿ ಕಡಿದುಹೋಗುತ್ತದೆಂದು ಹೇಳಿ, ಕಂಪ್ಯೂಟರ್ ವಿಭಾಗದಿಂದ ತಮ್ಮೊಬ್ಬರ ಮಟ್ಟಿಗೆ ಆ ನಿಯಮವನ್ನೇ ತೆಗೆಸಿಹಾಕಿದ್ದರು. ಅದರ ಮೇಲೆ ನಾನು ಎರಡು ಸಲ ಲಿಖಿತ ದೂರು ಕೊಟ್ಟಿದ್ದೆ.

ಆದರೂ ನಿಜ ಹೇಳುತ್ತೇನೆ. ಎಷ್ಟೋ ದಿನ ನನ್ನ ಕಿವಿಗೆ ಬೀಳುತ್ತಿದ್ದ ಮನುಷ್ಯರ ಧ್ವನಿ ಆ ‘ಐದು ನಿಮಿಷ’ ಒಂದೇ. ಕಾಯುವ ಹೊತ್ತಿನಲ್ಲಿ, ಓದಲು ಮಾತ್ರ ಬಿಟ್ಟಿದ್ದ ಫೈಲಿನಲ್ಲಿ ಅವರ ಷರಾಗಳನ್ನು ಓದುತ್ತಿದ್ದೆ. ‘ಈ ಪುಟವನ್ನು ಗುಮಾಸ್ತರು ನಿದ್ದೆಗಣ್ಣಿನಲ್ಲಿ ಬರೆದಂತಿದೆ’ ಎಂದು ಒಮ್ಮೆ ಬರೆದಿದ್ದರು. ‘ಈ ಹುಡುಗಿಯ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದ್ದಾರೆ, ಪಾಪ’ ಎಂದು ಇನ್ನೊಮ್ಮೆ. ಸರ್ಕಾರಿ ಫೈಲಿನಲ್ಲಿ ‘ಪಾಪ’ ಎಂದು ಬರೆಯುವವರನ್ನು ನಾನು ಬೇರೆ ಕಂಡಿಲ್ಲ. ಅದನ್ನೂ ಅಳಿಸಬೇಕೆಂದು ನನ್ನ ದೂರಿನಲ್ಲಿ ಸೇರಿಸಿದ್ದೆ ಎಂಬುದು ಬೇರೆ ಮಾತು.

ಆ ಗುರುವಾರ ನನ್ನ ಬಳಿ ಒಂಬತ್ತು ತಿದ್ದುಪಡಿಗಳಿದ್ದವು. ಹನ್ನೆರಡಕ್ಕೆ ಫೈಲು ತೆರೆದರೆ ಓದಲು ಮಾತ್ರ. ಫೋನ್ ಮಾಡಿದೆ, ಎತ್ತಲಿಲ್ಲ. ಒಂದಕ್ಕೆ ಮಾಡಿದೆ, ಎತ್ತಲಿಲ್ಲ. ಎರಡಕ್ಕೆ, ಎರಡೂವರೆಗೆ, ಮೂರಕ್ಕೆ, ಮೂರೂವರೆಗೆ ಮಾಡಿದೆ. ಬೇಕೆಂದೇ ಎತ್ತುತ್ತಿಲ್ಲ ಎಂದು ತೀರ್ಮಾನಿಸಿದೆ. ನಾಲ್ಕಕ್ಕೆ ಏಳನೇ ಸಲ ಮಾಡಿ, ಯಾರೂ ಇಲ್ಲದ ಮನೆಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಆಮೇಲೆ ಕೂತು ಸೂಪರಿಂಟೆಂಡೆಂಟರಿಗೆ ಮೂರನೇ ದೂರು ಬರೆದೆ. ಅದರಲ್ಲಿ ‘ಬೇಜವಾಬ್ದಾರಿ’ ಎಂಬ ಪದ ಎರಡು ಸಲ ಇತ್ತು. ಕಳಿಸಿ, ಲೋಟ ತುಂಬ ಕಾಫಿ ಮಾಡಿಕೊಂಡು ನೆಮ್ಮದಿಯಾಗಿ ಕುಡಿದೆ. ಆ ಕಾಫಿ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಹಸಿರು ಚುಕ್ಕೆ ಬಂತು. ಫೈಲು ತೆರೆದೆ. ಓದಲು ಮಾತ್ರ.

ಈ ಸಲ ಅವರಿಗೆ ಫೋನ್ ಮಾಡಲೇ ಇಲ್ಲ, ಕಂಪ್ಯೂಟರ್ ವಿಭಾಗಕ್ಕೆ ಮಾಡಿದೆ. ಅಲ್ಲಿ ಫೋನ್ ಎತ್ತುವವನನ್ನು ನಾವೆಲ್ಲ ರೀಸ್ಟಾರ್ಟ್ ಎಂದೇ ಕರೆಯುವುದು, ಯಾಕೆಂದರೆ ಎಂಥ ತೊಂದರೆಗೂ ಅವನ ಬಳಿ ಇರುವುದು ಅದೊಂದೇ ಔಷಧ.

“ರೀಸ್ಟಾರ್ಟ್ ಮಾಡಿ ನೋಡಿದ್ರಾ ಸಾರ್?” ಎಂದ.

“ನನ್ನ ಕಂಪ್ಯೂಟರ್ ಸರಿ ಇದೆ ಕಣಯ್ಯಾ. ಆಯಮ್ಮ ನಿನ್ನೆಯಿಂದ ಫೈಲ್ ಹಿಡ್ಕೊಂಡು ಕೂತಿದ್ದಾರೆ. ಬಿಡಿಸು ಅದನ್ನ.”

“ಅದೇನ್ ಮಹಾ, ಇಲ್ಲಿಂದಲೇ ಅವರ ಸಂಪರ್ಕ ಕಟ್ ಮಾಡಿದ್ರೆ ತಾನಾಗೇ ಬಿಡುತ್ತೆ. ಒಂದು ನಿಮಿಷ ಇರಿ.”

ಅವನು ಕೀಲಿಮಣೆ ಕುಟ್ಟುವ ಸದ್ದು ಕೇಳುತ್ತಿತ್ತು. ಇರಲಿ ಎಂದು ನಾನು ಫೈಲಿನ ಕೊನೆಗೆ ಹೋದೆ. ಕೊನೆಯ ಸಾಲು ನಾಲ್ಕು ಸಾವಿರದ ನೂರ ಹನ್ನೆರಡು. ಬುಧವಾರ ಸಂಜೆ ನಾನು ಮುಚ್ಚುವಾಗ ಅದು ನಾಲ್ಕು ಸಾವಿರದ ನೂರ ಏಳಿತ್ತು. ಮೇಡಂ ನಿಧಾನ ನಿಜ, ಆದರೆ ದಿನಕ್ಕೆ ಇಪ್ಪತ್ತು ಸಾಲು ತಪ್ಪಿಸಿದವರಲ್ಲ. ಸಾಲು ಬರೆದ ಕೂಡಲೇ ಸೇವ್ ಮಾಡುವವರು. ಇಡೀ ದಿನ ಫೈಲು ಹಿಡಿದು ಕೂತು ಬರೆದದ್ದು ಐದೇ ಸಾಲು.

“ಏಯ್, ಬಿಡಿಸಬೇಡ,” ಎಂದೆ.

“ಆಗ್ಲೇ ಮಾಡ್ತಾ ಇದ್ದೀನಿ ಸಾರ್...”

“ಬೇಡ ಅಂದ್ನಲ್ಲ! ಕೈ ತೆಗಿ. ಅವರು ಯಾವಾಗಿಂದ ಒಳಗಿದ್ದಾರೆ ನೋಡು.”

ಅವನು ನೋಡಿದ. “ನಿನ್ನೆ ಬೆಳಗ್ಗೆ ಒಂಬತ್ತೈದಕ್ಕೆ ಬಂದಿದ್ದಾರೆ. ಇನ್ನೂ ಹೊರಗೆ ಹೋಗಿಲ್ಲ. ಕೊನೇಲಿ ಸೇವ್ ಆಗಿರೋದು ಹತ್ತು ನಲವತ್ತಕ್ಕೆ.” ಆಮೇಲೆ ಅವನ ಧ್ವನಿ ಸಣ್ಣದಾಯಿತು. “ಅಲ್ಲಿಂದ ಏನೂ ಇಲ್ಲ ಸಾರ್.”

ಇನ್ನೊಂದು ನಿಮಿಷ ನಾನು ಆ ಸಾಲು ನೋಡದೆ ಇದ್ದಿದ್ದರೆ ಫೈಲು ನನ್ನ ಕೈಗೆ ಬಂದಿರುತ್ತಿತ್ತು, ನಾನು ಒಂಬತ್ತು ತಿದ್ದುಪಡಿಗಳನ್ನು ಹಾಕಿ ಮುಚ್ಚಿರುತ್ತಿದ್ದೆ, ಶನಿವಾರ ಭಾನುವಾರ ರಜೆ. ಎಲ್ಲೋ ಒಂದು ಮನೆಯಲ್ಲಿ ಆಕೆಗೆ ಏನೋ ಆಗಿದೆ ಎಂಬುದಕ್ಕೆ ಲೋಕದಲ್ಲಿದ್ದ ಸಾಕ್ಷಿ ಆ ಫೈಲು ಒಂದೇ.

“ಅವರ ವಿಳಾಸ ಹೇಳಪ್ಪಾ.”

“ನನ್ನ ಹತ್ರ ಇರಲ್ಲ ಸಾರ್. ಸಿಬ್ಬಂದಿ ಪುಟದಲ್ಲಿರುತ್ತೆ. ನಿಮ್ಮ ವಿಭಾಗದವರಿಗೆ ಮಾತ್ರ ಅದು ತೆಗೆಯೋದು.”

ಆ ಪುಟಕ್ಕೆ ಹೋದೆ. ‘ಆವರಣದ ಒಳಗಿನಿಂದ ಮಾತ್ರ’ ಎಂದು ಕೆಂಪಕ್ಷರದಲ್ಲಿ ಬಂತು. ಬೇರೆ ಎಲ್ಲ ಪುಟಕ್ಕೂ ಮನೆಯಿಂದ ದಾರಿಯಿದೆ, ಮನುಷ್ಯರು ಎಲ್ಲಿದ್ದಾರೆಂದು ಹೇಳುವ ಪುಟಕ್ಕೆ ಮಾತ್ರ ಇಲ್ಲ. ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದರೆ ಅವರು ಮದುವೆ ಮನೆಯ ಗದ್ದಲದಲ್ಲಿದ್ದರು. “ನಿಮ್ಮ ದೂರು ನೋಡಿದೆ, ಸೋಮವಾರ ಕ್ರಮ ತಗೋತೀನಿ,” ಎಂದರು. “ದೂರು ಗಾಳಿಗೆ ತೂರಿ ಸಾರ್, ಆಕೆ ಬದುಕಿದ್ದಾರೋ ಇಲ್ವೋ ನೋಡ್ಬೇಕು,” ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಪೊಲೀಸರಿಗೆ ಮಾಡಿದೆ. ಮನೆ ಎಲ್ಲಿ ಎಂದು ಕೇಳಿದರು.

ಮನೆ ಎಲ್ಲಿ ಎಂದು ಗೊತ್ತಿದ್ದರೆ ನಾನೇ ಹೋಗುತ್ತಿರಲಿಲ್ಲವೇ?

ಬಸ್ಸು ಹಿಡಿದೆ. ಆವರಣಕ್ಕೆ ನಲವತ್ತು ನಿಮಿಷದ ದಾರಿ. ನಮ್ಮ ಕಟ್ಟಡದ ತುಂಬ ಮರದ ಸಾರ್ವೆ, ಬಾಗಿಲಿಗೆ ಬೀಗ. ಗೇಟಿನ ಕಾವಲುಗಾರ ನನ್ನನ್ನು ಗುರುತು ಹಿಡಿಯಲಿಲ್ಲ. ಇಪ್ಪತ್ತಾರು ವರ್ಷ ದಿನಾ ಅವನ ಮುಂದೆಯೇ ಓಡಾಡಿದ್ದೆ. ನಾಲ್ಕು ವರ್ಷಕ್ಕೆ ಅಳಿಸಿಹೋಗಿದ್ದೆ. ಗುರುತಿನ ಚೀಟಿ ತೋರಿಸಿ, ಕೈಮುಗಿದು, ಅವನ ಕೋಣೆಯ ಕಂಪ್ಯೂಟರಿನ ಮುಂದೆ ಕೂತೆ. ಪುಟ ತಕರಾರಿಲ್ಲದೆ ತೆರೆದುಕೊಂಡಿತು.

ವಿಳಾಸ ಓದಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಅದು ನನ್ನ ಮನೆಯಿಂದ ನಾಲ್ಕನೇ ಬೀದಿ. ನಾನು ತರಕಾರಿ ತರುವ ಅಂಗಡಿಯ ಎದುರಿನ ಹಳದಿ ಮನೆ, ಮಹಡಿಯ ಮೇಲೆ. ನಾಲ್ಕು ವರ್ಷ ನಾವಿಬ್ಬರೂ ಒಂದೇ ಬುಟ್ಟಿಯಿಂದ ಟೊಮೆಟೊ ಆರಿಸಿದ್ದೇವೆ. ಮುಖ ಗಂಟು ಹಾಕಿಕೊಂಡು ಕೂತಿರುತ್ತಿದ್ದ ಆ ಅಂಗಡಿಯವನು ನಮ್ಮಿಬ್ಬರಿಗೂ ಚಿಲ್ಲರೆ ಕೊಟ್ಟಿದ್ದಾನೆ. ಆಟೋ ಹಿಡಿದು, ಬೇಗ ಬೇಗ ಎಂದು ಡ್ರೈವರನ ತಲೆ ತಿಂದು, ಅದೇ ದಾರಿಯಲ್ಲಿ ವಾಪಸ್ ಬಂದೆ.

ಕೆಳಗಿನ ಮನೆಯಲ್ಲಿ ದರ್ಜಿಯ ಹೆಂಡತಿ ಇದ್ದಳು. “ಮೇಲಿನ ಅಮ್ಮನಾ? ಅವರು ಯಾವಾಗಲೂ ಒಳಗೇ ಇರ್ತಾರಲ್ಲ, ಸದ್ದೇ ಇರಲ್ಲ,” ಎಂದಳು. ಮಹಡಿ ಹತ್ತಿ ಬಾಗಿಲು ಬಡಿದೆ. ಕಿವಿಯಿಟ್ಟು ಕೇಳಿದೆ. ಒಳಗಿನಿಂದ ಪಾತ್ರೆಯನ್ನು ನೆಲಕ್ಕೆ ಬಡಿಯುವ ಸಣ್ಣ ಸದ್ದು, ಮೂರು ಸಲ. ನನ್ನ ಕೂಗಿಗೆ ದರ್ಜಿ ಅಂಗಡಿಯಿಂದ ಓಡಿಬಂದ. ನಾವಿಬ್ಬರೂ ಸೇರಿ ಬಾಗಿಲು ಒಡೆದೆವು.

ಅಡುಗೆಮನೆಯ ನೆಲದಲ್ಲಿ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಬೀಳುವಾಗ ಹಿಡಿದಿದ್ದ ನೀರಿನ ಚೊಂಬು ಪಕ್ಕದಲ್ಲಿತ್ತು, ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಒಳಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು.

ಆಸ್ಪತ್ರೆಯ ನರ್ಸು ಕಾಗದ ಹಿಡಿದು ಬಂದಳು. “ನೀವು ಇವರಿಗೆ ಏನಾಗಬೇಕು?”

“ಏನೂ ಆಗಬೇಕಾಗಿಲ್ಲ. ಒಂದೇ ಫೈಲ್‌ನಲ್ಲಿ ಕೆಲಸ ಮಾಡ್ತೀವಿ.”

“ಅದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ,” ಎಂದು ಅವಳೇ ಏನೋ ಬರೆದುಕೊಂಡು ಹೋದಳು. ಬೇರೆ ಯಾರಾದರೂ ಬರುತ್ತಾರೇನೋ ಎಂದು ಸಂಜೆಯವರೆಗೂ ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವರಿಗೆ ಮಾತಾಡುವಷ್ಟು ಶಕ್ತಿ ಬಂದಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಧ್ವನಿ ಕೇಳಿ ಆರಡಿ ಆಳು ಅಂದ್ಕೊಂಡಿದ್ದೆ,” ಎಂದರು.

“ನಿಮ್ಮ ಮೇಲೆ ದೂರು ಬರೆದಿದ್ದೀನಿ,” ಎಂದೆ. ಅದನ್ನು ಹೇಳದೆ ಬೇರೆ ಮಾತು ಬರುವಂತಿರಲಿಲ್ಲ.

“ಮೂರನೇದಾ?” ನಗಲು ಹೋಗಿ ನೋವಿಗೆ ಮುಖ ಕಿವುಚಿದರು. “ಫೋನು ಒಳಗೆ ಮೇಜಿನ ಮೇಲಿತ್ತು. ಏಳು ಸಲ ಹೊಡ್ಕೊಳ್ತು. ಏಳೂ ನೀವೇ ಅಂತ ಗೊತ್ತು. ನನಗೆ ಇನ್ಯಾರು ಮಾಡ್ತಾರೆ?”

“ಬೈಯೋಕೆ ಮಾಡಿದ್ದು.”

“ಗೊತ್ತು. ಅದಕ್ಕೇ ಧೈರ್ಯವಾಗಿದ್ದೆ. ಒಳ್ಳೆಯವರಾದ್ರೆ ಪಾಪ ಅಂತ ಬಿಟ್ಟುಬಿಡ್ತಾರೆ. ಈ ಮನುಷ್ಯ ಫೈಲ್ ಸಿಗೋವರೆಗೂ ನನ್ನ ಬಿಡಲ್ಲ ಅಂತ.”

ಆ ಫೈಲನ್ನು ಬಿಡಿಸಲು ಹೊರಟಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ.

“ಎರಡು ತಿಂಗಳು ಮಲಗಿರ್ಬೇಕಂತೆ,” ಎಂದರು. “ಖುಷಿಪಡಿ. ಫೈಲ್ ಪೂರ್ತಿ ನಿಮ್ದೇ.”

ನನಗೆ ಖುಷಿಯಾಗಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ತೆರೆದರೆ ತೆರೆದುಕೊಳ್ಳುವ ಫೈಲು, ಯಾರನ್ನೂ ಕೇಳಬೇಕಾಗಿಲ್ಲದ ದಿನಗಳು ಒಂದರ ಹಿಂದೆ ಒಂದು ಕಣ್ಣಮುಂದೆ ಬಂದವು. ಭಯವಾಯಿತು.

“ನಿಮ್ಮ ಮನೇಲಿ ಯಾರ್ಯಾರಿದ್ದಾರೆ?”

“ನಾನೇ.”

ಅವರು ಕೇಳಿದರು. “ನೀವು ಕೆಲಸ ಆದ ತಕ್ಷಣ ಫೈಲ್ ಮುಚ್ಚಿಬಿಡ್ತೀರಿ, ಅಲ್ವಾ?”

“ಹೌದು. ನಿಯಮ ಇರೋದೇ ಹಾಗೆ.”

“ಹಾಗಾದ್ರೆ ನೀವು ಬಿದ್ರೆ ನನಗೆ ಹೇಗ್ರೀ ಗೊತ್ತಾಗ್ಬೇಕು? ಫೈಲ್ ಖಾಲಿ ಇರುತ್ತೆ. ಇವತ್ತು ಇವರ ಕಾಟ ಇಲ್ಲ ಅಂದ್ಕೊಂಡು ನಾನು ಹಾಯಾಗಿ ಕೆಲಸ ಮಾಡ್ತಾ ಇರ್ತೀನಿ.”

ನನಗೆ ಐವತ್ತೆಂಟು ವರ್ಷ. ನಾನು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನಿಜವಾಗಿತ್ತು, ಅದನ್ನು ನಾನೇ ಶಿಸ್ತಿನಿಂದ ಏರ್ಪಾಡು ಮಾಡಿಕೊಂಡಿದ್ದೆ.

“ದಿನಾ ಒಂಬತ್ತಕ್ಕೆ ಫೋನ್ ಮಾಡ್ತೀನಿ,” ಎಂದೆ.

“ಮಾಡಿ ಏನಂತೀರಿ? ಫೈಲ್ ನಿಮ್ಮ ಹತ್ರನೇ ಇರುತ್ತಲ್ಲ.”

“ಗೊತ್ತಿಲ್ಲ ಮೇಡಂ. ಬೇರೆ ಮಾತು ನನಗೆ ಅಭ್ಯಾಸ ಇಲ್ಲ.”

“ಬೈಯೋದಾದ್ರೂ ಬೈರಿ, ಪರವಾಗಿಲ್ಲ,” ಎಂದರು ಅವರು. “ಆದ್ರೆ ಒಂಬತ್ತು ದಾಟಿ ಐದು ನಿಮಿಷ ನೋಡ್ತೀನಿ. ಅಷ್ಟರಲ್ಲಿ ಫೋನ್ ಬರಲಿಲ್ಲ ಅಂದ್ರೆ, ಈ ಮಂಚ ಸಮೇತ ನಿಮ್ಮ ಬಾಗಿಲಿಗೆ ಬರ್ತೀನಿ.”