ಬಿಳಿ ಕಾಲುಚೀಲ

ಬೀದಿಯ ತಿರುವಿನ ಆ ಇಸ್ತ್ರಿ ಅಂಗಡಿಯಿಂದ ಸುಕ್ಕುಳಿದ ಬಟ್ಟೆಯೊಂದೂ ಹೊರಬಂದದ್ದಿಲ್ಲ. ಮಗಳು ಗಂಜಿ ಹಾಕಿ ಒಣಗಿಸುವಳು, ತಾಯಿ ಇಸ್ತ್ರಿ ಮಾಡುವಳು. ತಂದೆಯಿಲ್ಲದ ಆ ಮನೆಯ ಯಜಮಾನಿಕೆಯನ್ನು ದೊಡ್ಡಪ್ಪ ಕುರ್ಚಿ ಬಿಟ್ಟೇಳದೆ ನಡೆಸುತ್ತಿದ್ದರು.

ತಾಯಿಗೆ ಸಕ್ಕರೆ ಕಾಯಿಲೆಯೆಂಬುದು ಅಲ್ಲಿ ಬಾಯಿಬಿಡಬಾರದ ಸಂಗತಿ. ಮಗಳಿಗೆ ಗಂಡು ಗೊತ್ತಾಗುವವರೆಗೆ ಮಾತ್ರೆ ಕೊಳ್ಳುವಂತಿಲ್ಲ, ಆಸ್ಪತ್ರೆಯ ಮೆಟ್ಟಿಲು ಹತ್ತುವಂತಿಲ್ಲ. ಯಾರಾದರೂ ಕಂಡರೆ? ಮದುವೆಗಾಗಿ ರೋಗವನ್ನು ಬಚ್ಚಿಡುವ ಈ ಪದ್ಧತಿಗೆ ನಾವು ಮರ್ಯಾದೆಯೆಂಬ ಹೆಸರು ಬೇರೆ ಇಟ್ಟಿದ್ದೇವೆ!

ಒಂದು ದಿನ ಇಸ್ತ್ರಿಪೆಟ್ಟಿಗೆಯಿಂದ ಕೆಂಡ ಸಿಡಿದು ತಾಯಿಯ ಪಾದದ ಮೇಲೆ ಬಿತ್ತು. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಕಾಲಿಗೆ ಉರಿ ತಿಳಿಯಲಿಲ್ಲ. ಚರ್ಮ ಸುಟ್ಟ ವಾಸನೆ ಮಗಳ ಮೂಗಿಗೆ ಬಡಿಯಿತು.

"ನೋವೇ ಇಲ್ವಲ್ಲೇ, ಬಿಡು. ಗಟ್ಟಿ ಜೀವ ನಂದು," ಎಂದು ತಾಯಿ ನಕ್ಕಳು.

ಗಾಯ ಕೀವುಗಟ್ಟಿತು. ಪಾದ ಊದಿತು. ಮಗಳು ದೊಡ್ಡಪ್ಪನ ಕಣ್ಣುತಪ್ಪಿಸಿ ತಾಯಿಯನ್ನು ವೈದ್ಯೆಯ ಬಳಿ ಕರೆದೊಯ್ದಳು.

"ಸೋಂಕು ತಗುಲಿದಾಗ ಅದನ್ನ ನುಂಗೋಕೆ ರಕ್ತದ ಬಿಳಿ ಕಣಗಳು ಓಡಿ ಬರ್ಬೇಕಮ್ಮ," ಎಂದರು ವೈದ್ಯೆ. "ಸಕ್ಕರೆ ಏರಿದ್ರೆ ಅವು ನೀವು ಗಂಜಿ ಹಾಕಿದ ಬಟ್ಟೆ ಥರ ಬಿಗಿದುಕೊಳ್ತವೆ. ಬರೋದೂ ತಡ, ಬಂದ್ರೂ ಕೆಲಸ ಅರೆಬರೆ. ಉರಿಯೂತ ಮಾತ್ರ ಆರೋದೇ ಇಲ್ಲ, ಒಳ್ಳೇ ಮಾಂಸವನ್ನೂ ಕೆಡಿಸುತ್ತೆ. ಇವತ್ತೇ ಆಸ್ಪತ್ರೆಗೆ ಸೇರಿಸಿ."

ಮನೆಗೆ ಬಂದು ಮಗಳು ಇದನ್ನು ಹೇಳಿದಾಗ ದೊಡ್ಡಪ್ಪ ಕೂತಲ್ಲೇ ಕಿಡಿಕಾರಿದರು. "ನಾಳೆ ಗಂಡಿನ ಕಡೆಯವ್ರು ಬರ್ತಿದಾರೆ! ಇಷ್ಟು ದಿನ ಇದ್ದ ಗಾಯ ಇನ್ನೊಂದು ದಿನ ಇರಲ್ವೇನೇ?"

"ಗಾಯ ಇರುತ್ತೆ ದೊಡ್ಡಪ್ಪ. ಅಮ್ಮ ಇರ್ಬೇಕಲ್ಲ?"

"ರಕ್ತದಲ್ಲೇ ರೋಗ ಅಂತ ಗೊತ್ತಾದ್ರೆ ನಿನ್ನನ್ನ ಯಾರು ಕಟ್ಕೋತಾರೆ?"

ತಾಯಿಯೂ ಕೈಮುಗಿದಳು. "ನಾಳೆ ಒಂದಿನ ಕಣೇ."

ಮರುದಿನ ತಾಯಿ ಬಿಳಿ ಕಾಲುಚೀಲ ತೊಟ್ಟು, ಜ್ವರದಲ್ಲಿ ನಡುಗುತ್ತ, ಲೋಟಗಳ ತಟ್ಟೆ ಹಿಡಿದು ಬಂದಳು.

"ಈ ಸೆಕೇಲೂ ಕಾಲುಚೀಲವಾ?" ಹುಡುಗನ ತಾಯಿ ಕೇಳಿದರು.

"ನಮ್ಮನೇಲಿ ಶಿಸ್ತು ಹಾಗೆ!" ದೊಡ್ಡಪ್ಪ ನಕ್ಕರು.

ತಟ್ಟೆ ಜಾರಿ ಬಿತ್ತು. ಬಿಳಿ ಕಾಲುಚೀಲದ ಮೇಲೆ ಹಳದಿ ಕಲೆಯೊಂದು ಹರಡುತ್ತಿತ್ತು. ಮಗಳು ತಾಯಿಯನ್ನು ಕೂರಿಸಿ, ಎಲ್ಲರೆದುರೇ ಆ ಚೀಲವನ್ನು ಕಳಚಿದಳು. ಬಂದವರು ಮೂಗು ಮುಚ್ಚಿಕೊಂಡರು.

"ನಮ್ಮಮ್ಮಂಗೆ ಸಕ್ಕರೆ ಕಾಯಿಲೆ. ಮುಂದೆ ನಂಗೂ ಬಂದ್ರೂ ಬರಬಹುದು. ಇದನ್ನ ಮುಚ್ಚಿಟ್ಟು ಆಗೋ ಮದುವೆ ನಂಗೆ ಬೇಡ."

"ಮನೆ ಮಾನ ಕಳೆದ್ಯಲ್ಲೇ!"

"ಮಾನ ಹೋಗ್ಲಿ ದೊಡ್ಡಪ್ಪ, ಕಾಲು ಉಳೀಲಿ. ಎದ್ದು ಒಂದು ಗಾಡಿ ಕರೀರಿ."

ಕಾಲು ಉಳಿಯಿತು, ಎರಡು ಬೆರಳು ಹೋದವು. ಆ ಬೆರಳುಗಳನ್ನು ತಿಂದದ್ದು ನಮ್ಮ ಮರ್ಯಾದೆ. ಅದರ ಹಸಿವು ಇನ್ನೂ ಇಂಗಿಲ್ಲ.

ಏಕೆಂದರೆ, ಕೆಲವು ದಿನಗಳ ಮೇಲೆ ಆ ಹುಡುಗನ ತಾಯಿ ಒಬ್ಬರೇ ಆಸ್ಪತ್ರೆಗೆ ಬಂದರು. ಮಂಚದ ಪಕ್ಕ ಕುಳಿತು, ಅತ್ತಿತ್ತ ನೋಡಿ, ಮಗಳ ಕಿವಿಯ ಬಳಿ ಬಾಗಿದರು.

"ನಿಮ್ಮ ಡಾಕ್ಟರಮ್ಮ ಎಲ್ಲಿರ್ತಾರೆ, ಮಗಾ? ಹುಡುಗನ ಮದುವೆ ಮುಗೀಲಿ ಅಂತ ನಾನೂ ಸುಮ್ನಿದ್ದೆ. ಹಿಮ್ಮಡೀಲಿ ಒಂದು ಗಾಯ ಆಗಿದೆ. ನೋವೇನೂ ಇಲ್ಲ..."