ಗುದ್ಲೆಪ್ಪನ ಕೈಗುಣ

ತಾಯಿ ವೀರವ್ವ ಕದ್ದು ಬೆಲ್ಲ ತಿನ್ನುತ್ತಾಳೆ ಎಂದು ಶಂಕ್ರಪ್ಪ ಮೂರು ತಿಂಗಳಿಂದ ನಂಬಿದ್ದ. ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚಿದರೂ ಸಕ್ಕರೆ ಇಳಿಯುವುದಿಲ್ಲ, ಕಾಲಿನ ಹುಣ್ಣು ಮಾಯುವುದಿಲ್ಲ ಎಂದರೆ ಇನ್ನೇನು? ಮುದುಕಿ ಬಸವಣ್ಣನ ಆಣೆ ಹಾಕಿದರೂ ಕೇಳಲಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ ದಿನವಂತೂ ಓಣಿಗೆಲ್ಲ ಕೇಳುವಂತೆ ಒದರಾಡಿದ.

ಸೂಜಿ ಹಾಕುತ್ತಿದ್ದವನು ಗುದ್ಲೆಪ್ಪ. ಹಿಂದೆ ಅಕ್ಕಿಆಲೂರಿನಲ್ಲಿ ಒಬ್ಬ ಡಾಕ್ಟರ ಬಾಗಿಲು ಕಾಯುತ್ತಿದ್ದವನು. ಕಲಿತದ್ದಲ್ಲ, ನೋಡಿ ರೂಢಿಯಾದದ್ದು. ಆದರೂ ಅವನ ಕೈಗುಣ ದೊಡ್ಡದೆಂದು ಊರ ನಂಬಿಕೆ. ನರ್ಸಮ್ಮ ಬಾಗಿಲಿಗೆ ಬಂದರೂ ‘ಬ್ಯಾಡವಾ, ಗುದ್ಲೆಪ್ಪನ್ನ ಕರೀತೇವಿ’ ಎನ್ನುವ ಜನ.

ಒಂದು ಮುಂಜಾನೆ ಗುದ್ಲೆಪ್ಪ ಸವಣೂರಿಗೆ ಬೀಗರ ಮನೆಗೆ ಹೋಗಿಬಿಟ್ಟ. ಶಂಕ್ರಪ್ಪ ಬಾಟಲಿ, ಸಿರಿಂಜು ಹಿಡಿದು ಆಶಾ ಕಾರ್ಯಕರ್ತೆ ದಿಲ್ಶಾದಳ ಮನೆ ಮುಂದೆ ನಿಂತ.

“ನಾ ಹಾಕಾಂಗಿಲ್ಲರಿ ಅಣ್ಣಾರ. ಆಶಾದವರಿಗೆ ಸೂಜಿ ಚುಚ್ಚೂ ಹುಕುಂ ಇಲ್ಲ.”

“ಮತ್ತ ಗುಲಾಬಿ ಸೀರಿ ಯಾಕ ಉಟ್ಟೀ? ಮೆರವಣಿಗಿಗೇನು?”

“ಬೈರಿ, ಬೈಯಾಕ ನಿಮಗ ಯಾರ ಹುಕುಮೂ ಬೇಕಾಗಿಲ್ಲ. ಬೈದಾದ ಮ್ಯಾಲ ಅವ್ವಾರನ್ನ ಹಾನಗಲ್ಲಿಗೆ ಕರಕೊಂಡು ಹೋಗ್ರಿ.”

ಬಸ್ ಸ್ಟ್ಯಾಂಡಿನ ಔಷಧಿ ಅಂಗಡಿಯ ಶ್ರೀಪಾದನೂ ತಲೆಯಾಡಿಸಿದ. “ನಾ ಮಾರಾಂವ ರೀ, ಚುಚ್ಚಾಂವ ಅಲ್ಲ.”

ಅವನಿಗೂ ನಾಲ್ಕು ಮಾತು ಅಂದು, ಅವ್ವನನ್ನು ಬಸ್ಸು ಹತ್ತಿಸಿ, ಹಾನಗಲ್ಲಿನ ಆಸ್ಪತ್ರೆ ಮುಟ್ಟಿದ.

ನರ್ಸ್ ಫರ್ಹತ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದಳು. “ಇದನ್ಯಾರು ಕೊಟ್ರು?”

“ಗುದ್ಲೆಪ್ಪ. ಇಪ್ಪತ್ತರ ಗೀಟಿನ ಮಟ ತುಂಬಸ್ತಾನ. ಚೀಟ್ಯಾಗೂ ಇಪ್ಪತ್ತ ಐತಲ್ಲ?”

“ಬಾಟ್ಲಿ ಮ್ಯಾಲ ನಲವತ್ತು ಅಂತೈತಿ, ಈ ಸಿರಿಂಜು ನೂರರದು. ಇದಕ್ಕಿಂತ ಕಡಕ್ ಇರೂ ಬ್ಯಾರೆ ಔಷಧದ್ದು. ಇದರಾಗ ಇಪ್ಪತ್ತರ ಗೀಟಿಗೆ ನಿಮ್ಮ ಔಷಧ ಬರೂದು ಎಂಟ ಯುನಿಟ್. ಮೂರು ತಿಂಗಳು ಅಜ್ಜಿಗೆ ಅರ್ಧನೂ ಹೋಗಿಲ್ಲ.”

ಶಂಕ್ರಪ್ಪ ಸಿರಿಂಜು ಇಸಕೊಂಡು ಓದಿದ. ಏಳನೆಯ ಇಯತ್ತೆ ಕಲಿತವನು. ಅಂಕಿ ಅಲ್ಲೇ ಇತ್ತು. ಒಂದು ದಿನವೂ ನೋಡಿರಲಿಲ್ಲ.

ಫರ್ಹತ ಡಾಕ್ಟರನ್ನು ಕಂಡು ಎಷ್ಟು ಹಾಕಬೇಕೆಂದು ಮತ್ತೊಮ್ಮೆ ಬರೆಸಿಕೊಂಡು ಬಂದಳು. ಸರಿಯಾದ ಸಿರಿಂಜನ್ನು ಅವನ ಕೈಗೇ ಕೊಟ್ಟಳು.

“ನನ್ನ ಕೈಯಾಗ ಯಾಕ?”

“ಇದೊಂದನ್ನ ಮನಿಯವರು ಕಲತು ಹಾಕಬಹುದು. ಚೀಟ್ಯಾಗ ಬರದಷ್ಟ, ನಿಮ್ಮ ಅವ್ವಗಷ್ಟ. ಡಾಕ್ಟರ್ ಆಗಬ್ಯಾಡ್ರಿ ಮತ್ತ.”

ಅವ್ವನ ಹೊಟ್ಟೆಯ ಚರ್ಮ ಹಿಡಿದವನು ಸೂಜಿಯನ್ನು ಎರಡು ಸಲ ಹತ್ತಿರ ತಂದು ಹಿಂದಕ್ಕೆ ತೆಗೆದ.

“ದನಕ್ಕ ಮೂಗುದಾಣ ಹಾಕಾಂವಗ ಈ ಮುಳ್ಳಿಗೆ ಅಂಜಿಕೇನೋ?” ಅಂದಳು ವೀರವ್ವ. ಚುಚ್ಚಿಸಿಕೊಂಡು, ಸೀರೆ ಸರಿಮಾಡಿಕೊಂಡು, “ಈಗ ಹೇಳು, ಬೆಲ್ಲ ಯಾರ ತಿಂದ್ರು?”

“ಯಾರೂ ತಿಂದಿಲ್ಲವಾ.”

“ಜೋರ ಹೇಳು. ಅವತ್ತ ಒದರಾಕ ದನಿ ಇತ್ತಲ್ಲ?”

ಜೋರಾಗಿಯೇ ಹೇಳಿದ. ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು.

ಮರುದಿನ ಗುದ್ಲೆಪ್ಪ ಎಂದಿನಂತೆ ಬಂದ. ಶಂಕ್ರಪ್ಪ ಅಡ್ಡ ನಿಂತು ಎರಡೂ ಸಿರಿಂಜು ತೋರಿಸಿದ.

“ನನಗ ಅಂಕಿ ಕಾಣೂದಿಲ್ಲಪಾ,” ಎಂದ ಮುದುಕ. “ಗೀಟು ಎಣಿಸಿ ತುಂಬಸ್ತೇನಿ. ನನ್ನ ಕೈಯಾಗ ಯಾರಿಗೇನಾಗೇತಿ?”

“ನಿನ್ನ ಕೈಗೇನಾಗಿಲ್ಲ. ನಮ್ಮವ್ವನ ಕಾಲಿಗೆ ಆಗೇತಿ.” ಕೊರಳಪಟ್ಟಿಗೆ ಕೈ ಹಾಕುವಷ್ಟು ಸಿಟ್ಟು ಬಂದಿತ್ತು. ಆದರೆ ಓದಬಲ್ಲವನು ತಾನು, ಓದದೆ ಬಿಟ್ಟವನೂ ತಾನು. “ಈ ಸೂಜಿ ಇನ್ನ ಯಾರಿಗೆ ಹಾಕ್ತೀ?”

“ಕೆಳಗಿನ ಓಣ್ಯಾಗ ಇಬ್ಬರಿಗೆ.”

ಶಂಕ್ರಪ್ಪ ಚಪ್ಪಲಿ ಮೆಟ್ಟಿದ. “ನಡಿ, ಮನಿ ತೋರಸು. ದಾರ್ಯಾಗ ದಿಲ್ಶಾದನ್ನೂ ಕರಿಯೂಣು. ನಾ ಹೇಳಿದ್ರ ಜಗಳಾಗತೈತಿ.”